ಕಾರಿನ ಸವೆದ ಟೈರುಗಳ ಬದಲಾವಣೆ

ಕಾರಿನ ಸವೆದ ಟೈರುಗಳ ಬದಲಾವಣೆಯು ಮೋಟಾರು ವಾಹನ ನಿರ್ವಹಣೆಯ ಒಂದು ಭಾಗ. ನಾಲ್ಕು ಟೈರುಗಳಲ್ಲಿ ಯಾವುದನ್ನು ತೆಗೆಯಬೇಕು, ಎಷ್ಟನ್ನು ಹೊಸದಾಗಿ ಕೊಳ್ಳಬೇಕು, ಕೊಂಡದ್ದನ್ನು ಯಾವ ಚಕ್ರಕ್ಕೆ ತೊಡಿಸಬೇಕು ಎಂಬ ಮೂರು ನಿರ್ಧಾರಗಳು ಇದರಲ್ಲಿ ಅಡಕವಾಗಿವೆ. ಮೊದಲ ಎರಡಕ್ಕೆ ಉತ್ತರ ಬಹುಮಟ್ಟಿಗೆ ಅಳತೆಯಿಂದಲೇ ದೊರೆಯುತ್ತದೆ. ಮೂರನೆಯದರಲ್ಲಿ ರೂಢಿಗೂ ತಯಾರಕರ ಸಲಹೆಗೂ ವ್ಯತ್ಯಾಸವಿದೆ. ಸವೆದ ಮುಂದಿನ ಜೋಡಿಯನ್ನು ಕಳಚಿ ಅದೇ ಜಾಗಕ್ಕೆ ಹೊಸ ಜೋಡಿಯನ್ನು ಹಾಕಿಸುವುದು ಸಾಮಾನ್ಯ ರೂಢಿ. ಮಿಶೆಲಿನ್ ಮೊದಲಾದ ಟೈರು ತಯಾರಕರು ಇದಕ್ಕೆ ವಿರುದ್ಧವಾಗಿ, ಕಾರು ಮುಂಚಕ್ರ ಚಾಲನೆಯದಾಗಿರಲಿ ಹಿಂಚಕ್ರ ಚಾಲನೆಯದಾಗಿರಲಿ, ಎರಡೇ ಟೈರುಗಳನ್ನು ಕೊಂಡಾಗ ಹೊಸ ಜೋಡಿ ಹಿಂದಕ್ಕೆ ಹೋಗಬೇಕು, ಹಿಂದಿದ್ದ ಜೋಡಿ ಮುಂದಕ್ಕೆ ಬರಬೇಕು ಎಂದು ಹೇಳುತ್ತಾರೆ. ಒದ್ದೆ ರಸ್ತೆಯ ತಿರುವಿನಲ್ಲಿ ಕಾರಿನ ಹಿಂಭಾಗವು ಹಿಡಿತ ತಪ್ಪಿದರೆ ಸಾಮಾನ್ಯ ಚಾಲಕನಿಗೆ ಅದನ್ನು ಸರಿಪಡಿಸುವುದು ಬಹು ಕಷ್ಟವೆಂಬುದು ಈ ಸಲಹೆಯ ಹಿಂದಿನ ಕಾರಣ.

ಸವೆತದ ಅಳತೆ

ಟೈರಿನ ಹೊರಮೈಯಲ್ಲಿ ರಸ್ತೆಯನ್ನು ಮುಟ್ಟುವ ದಪ್ಪ ರಬ್ಬರಿನ ಪದರಕ್ಕೆ ಟ್ರೆಡ್ ಎಂದು ಹೆಸರು. ಅದರಲ್ಲಿ ಕೊರೆದಿರುವ ಕಾಲುವೆಗಳಂಥ ಗೆರೆಗಳ ಆಳವೇ ಸವೆತದ ಅಳತೆಗೋಲು. ಹೊಸ ಕಾರು ಟೈರಿನಲ್ಲಿ ಈ ಆಳವು ಸಾಮಾನ್ಯವಾಗಿ 7ರಿಂದ 8 ಮಿಲಿಮೀಟರ್ ಇರುತ್ತದೆ. ಗೆರೆಗಳ ತಳದಲ್ಲಿ ಅಲ್ಲಲ್ಲಿ 1.6 ಮಿ.ಮೀ. ಎತ್ತರದ ಅಡ್ಡದಿಣ್ಣೆಗಳನ್ನು ಎರಕದಲ್ಲಿಯೇ ಮೂಡಿಸಿರುತ್ತಾರೆ. ಇವು ಸವೆತಸೂಚಕಗಳು. ಟೈರಿನ ಅಂಚಿನಲ್ಲಿ 'ಟಿಡಬ್ಲ್ಯುಐ' ಎಂಬ ಅಕ್ಷರಗಳೋ ಸಣ್ಣ ತ್ರಿಕೋನವೋ ಕಂಡಲ್ಲಿ ಅದರ ನೇರಕ್ಕೆ ಸೂಚಕವಿರುತ್ತದೆ. ಟ್ರೆಡ್ ಸವೆದು ಈ ದಿಣ್ಣೆಗಳ ಮಟ್ಟಕ್ಕೆ ಇಳಿದಿತೆಂದರೆ ಟೈರಿನ ಕಾನೂನುಬದ್ಧ ಆಯುಷ್ಯ ಮುಗಿಯಿತು.

ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೆಯ ನಿಯಮವು ಟೈರುಗಳ ಸ್ಥಿತಿಯನ್ನು ಕುರಿತದ್ದು. ಕಾರುಗಳಿಗೆ ಕನಿಷ್ಠ 1.6 ಮಿ.ಮೀ., ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ ಕನಿಷ್ಠ 0.8 ಮಿ.ಮೀ. ಆಳ ಉಳಿದಿರಬೇಕು. ಒಳಗಿನ ನೂಲಿನ ಪದರ ಹೊರಗೆ ಕಾಣುವ ಟೈರು, ಒಂದೆಡೆ ಉಬ್ಬಿಕೊಂಡ ಟೈರು ಆಳವೆಷ್ಟೇ ಇದ್ದರೂ ಬಳಕೆಗೆ ಯೋಗ್ಯವಲ್ಲ. ಬ್ರಿಟನ್‌ನಲ್ಲಿಯೂ ಮಿತಿ 1.6 ಮಿ.ಮೀ.; ಟ್ರೆಡ್ಡಿನ ಅಗಲದ ನಡುವಿನ ಮುಕ್ಕಾಲು ಭಾಗದಲ್ಲಿ, ಸುತ್ತಲೂ, ಅಷ್ಟು ಆಳವಿರಬೇಕೆಂದು ಅಲ್ಲಿನ ಕಾನೂನು ಸ್ಪಷ್ಟಪಡಿಸುತ್ತದೆ. ಅಮೆರಿಕದ ಬಹುತೇಕ ರಾಜ್ಯಗಳ ಮಿತಿ ಅಂಗುಲದ 32ನೆಯ ಎರಡು ಭಾಗ, ಅಂದರೆ ಹೆಚ್ಚುಕಡಿಮೆ ಅಷ್ಟೇ.

ಈ ಮಿತಿ ಸುರಕ್ಷತೆಯ ಗೆರೆಯಲ್ಲ, ದಂಡದ ಗೆರೆ. ಆಳ ಕಡಿಮೆಯಾದಂತೆ ಒದ್ದೆ ರಸ್ತೆಯ ಮೇಲಿನ ಹಿಡಿತವೂ ಕ್ರಮೇಣ ಕುಗ್ಗುತ್ತ ಬರುತ್ತದೆ. ಜರ್ಮನಿಯ ವಾಹನ ಸವಾರರ ಸಂಘವಾದ ಎಡಿಎಸಿ ಬೇಸಿಗೆಯ ಟೈರುಗಳನ್ನು 3 ಮಿ.ಮೀ.ಗೇ ಬದಲಿಸುವಂತೆ, ಚಳಿಗಾಲದ ಟೈರುಗಳನ್ನು 4 ಮಿ.ಮೀ.ಗೆ ಬದಲಿಸುವಂತೆ ಸಲಹೆ ಮಾಡುತ್ತದೆ. ಮಿಶೆಲಿನ್ ಸಂಸ್ಥೆ ಮಾತ್ರ ಒಳ್ಳೆಯ ಟೈರನ್ನು ಕಾನೂನಿನ ಮಿತಿಯವರೆಗೂ ಬಳಸಬಹುದು, ಬೇಗ ಎಸೆದರೆ ರಬ್ಬರೂ ಹಣವೂ ವ್ಯರ್ಥ ಎಂದು ವಾದಿಸುತ್ತ ಬಂದಿದೆ. ಮಳೆ ಕಡಿಮೆಯಾದ ಬಯಲುಸೀಮೆಯಲ್ಲಿ ಓಡುವ ಕಾರಿಗೆ ಎರಡನೆಯ ವಾದ ಒಪ್ಪಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ಹತ್ತಿಳಿಯುವ ಕಾರಿಗೆ ಮೊದಲನೆಯದೇ ಸೂಕ್ತ.

ಅಳೆಯಲು ಆಳಮಾಪಕವೆಂಬ ಅಗ್ಗದ ಉಪಕರಣವಿದೆ. ಪ್ರತಿ ಟೈರಿನ ಒಳ ಅಂಚು, ನಡು, ಹೊರ ಅಂಚು ಎಂದು ಮೂರು ಕಡೆ ಅಳೆಯಬೇಕು. ಕಾರನ್ನು ನಿಲ್ಲಿಸಿ ಹೊರಗಿನಿಂದ ನೋಡಿದಾಗ ಒಳ ಅಂಚು ಕಣ್ಣಿಗೆ ಬೀಳುವುದಿಲ್ಲ. ಹೊರಗೆ ಚೆನ್ನಾಗಿ ಕಾಣುವ ಟೈರು ಒಳಭಾಗದಲ್ಲಿ ಬೋಳಾಗಿರುವುದು ಅಪರೂಪವೇನೂ ಅಲ್ಲ.

ಸವೆತದ ಬಗೆಗಳು

ಟೈರು ಎಷ್ಟು ಸವೆದಿದೆ ಎಂಬುದರಷ್ಟೇ ಹೇಗೆ ಸವೆದಿದೆ ಎಂಬುದೂ ಮುಖ್ಯ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತೆಂದೂ, ಎರಡೂ ಅಂಚುಗಳು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆಯಾಗಿತ್ತೆಂದೂ ತಿಳಿಯಬಹುದು. ಒಂದೇ ಅಂಚಿನ ಸವೆತಕ್ಕೆ ಚಕ್ರದ ಓರೆ ಅಥವಾ ಅಲೈನ್‌ಮೆಂಟ್ ತಪ್ಪಿರುವುದು ಕಾರಣ. ಟ್ರೆಡ್ಡಿನ ಮೇಲೆ ಅಂಗೈ ಸವರಿದಾಗ ಒಂದು ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ಗರಗಸದಂತೆ ಚುಚ್ಚುವ ಅನುಭವವಾದರೆ ಚಕ್ರಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲವೆಂದರ್ಥ. ಬಟ್ಟಲಿನಂತೆ ಅಲ್ಲಲ್ಲಿ ತಗ್ಗುಬಿದ್ದಿದ್ದರೆ ಸಾಮಾನ್ಯವಾಗಿ ಶಾಕ್ ಅಬ್ಸಾರ್ಬರ್ ಸೋತಿರುತ್ತದೆ. ಕಾರಣವನ್ನು ಸರಿಪಡಿಸದೆ ಟೈರು ಬದಲಿಸಿದರೆ ಹೊಸದೂ ಅದೇ ರೀತಿ ಸವೆಯುತ್ತದೆ.

ವಯಸ್ಸು

ಕಡಿಮೆ ಓಡುವ ಕಾರಿನಲ್ಲಿ ಟ್ರೆಡ್ ಸವೆಯುವ ಮೊದಲೇ ರಬ್ಬರು ಮುಪ್ಪಾಗುತ್ತದೆ. ಬಿಸಿಲು, ಶಾಖ, ಗಾಳಿಯಲ್ಲಿನ ಓಜೋನ್ ಇವುಗಳಿಂದ ರಬ್ಬರು ಗಡುಸಾಗಿ ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕುಗಳು ಮೂಡುತ್ತವೆ. ಟೈರಿನ ಪಕ್ಕದಲ್ಲಿ 'ಡಾಟ್' ಎಂಬ ಅಕ್ಷರಗಳಿಂದ ಮೊದಲಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರವನ್ನೂ ವರ್ಷವನ್ನೂ ಸೂಚಿಸುತ್ತವೆ. ಉದಾಹರಣೆಗೆ, 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರ. ಈ ನಾಲ್ಕಂಕಿಯ ಪದ್ಧತಿ 2000ದಿಂದ ಬಳಕೆಯಲ್ಲಿದೆ. ಮೂರೇ ಅಂಕಿಗಳಿದ್ದರೆ ಅದು ಹಿಂದಿನ ಶತಮಾನದ ಟೈರು. ಐದು ವರ್ಷ ತುಂಬಿದ ಮೇಲೆ ಪ್ರತಿವರ್ಷ ಪರೀಕ್ಷಿಸಬೇಕು, ಹತ್ತು ವರ್ಷವಾದ ಮೇಲೆ ನೋಟಕ್ಕೆ ಚೆನ್ನಾಗಿದ್ದರೂ ತೆಗೆದುಬಿಡಬೇಕು ಎಂಬುದು ಮಿಶೆಲಿನ್‌ನ ಸಲಹೆ. ಆರೇ ವರ್ಷಕ್ಕೆ ಬದಲಿಸುವಂತೆ ಹೇಳುವ ಕಾರು ತಯಾರಕರೂ ಇದ್ದಾರೆ. ಅಂಗಡಿಯಲ್ಲಿ 'ಹೊಸ' ಟೈರು ಕೊಳ್ಳುವಾಗಲೂ ಈ ಅಂಕಿಗಳನ್ನು ನೋಡುವುದು ಒಳ್ಳೆಯದು.

ಎಷ್ಟು ಟೈರುಗಳನ್ನು ಬದಲಿಸಬೇಕು

ನಾಲ್ಕೂ ಟೈರುಗಳು ಸರಿಸುಮಾರು ಒಂದೇ ಮಟ್ಟಕ್ಕೆ ಸವೆದಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸುವುದೇ ಸರಳ ಮಾರ್ಗ. ಆಗ ಸ್ಥಾನದ ಪ್ರಶ್ನೆಯೇ ಏಳುವುದಿಲ್ಲ. ಆದರೆ ವೆಚ್ಚದ ದೃಷ್ಟಿಯಿಂದ ಹೆಚ್ಚಿನವರು ಆಯ್ದುಕೊಳ್ಳುವುದು ಎರಡರ ಬದಲಾವಣೆಯನ್ನು. ಇದಕ್ಕೆ ಯಾಂತ್ರಿಕ ಕಾರಣವೂ ಇದೆ. ಮುಂಚಕ್ರ ಚಾಲನೆಯ ಕಾರಿನಲ್ಲಿ ಎಂಜಿನ್ನಿನ ಭಾರ, ಎಳೆಯುವ ಕೆಲಸ, ತಿರುಗಿಸುವ ಕೆಲಸ, ಬ್ರೇಕಿನ ಹೆಚ್ಚಿನ ಪಾಲು ಎಲ್ಲವೂ ಮುಂದಿನ ಎರಡು ಟೈರುಗಳ ಮೇಲೆಯೇ ಬೀಳುವುದರಿಂದ ಅವು ಹಿಂದಿನವಕ್ಕಿಂತ ಬೇಗ ಸವೆಯುತ್ತವೆ.

ಭಾರತದ ರಸ್ತೆಗಳಲ್ಲಿ ಈ ಸ್ಥಿತಿ ವ್ಯಾಪಕವಾದದ್ದು 1983ರಲ್ಲಿ ಮಾರುತಿ 800 ಬಂದ ನಂತರ. ಅದಕ್ಕೂ ಮೊದಲಿನ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಎಂಜಿನ್ ಮುಂದಿದ್ದರೂ ಶಕ್ತಿ ಹೋಗುತ್ತಿದ್ದುದು ಹಿಂದಿನ ಚಕ್ರಗಳಿಗೆ. ಇಂದಿನ ಸಣ್ಣ ಕಾರುಗಳೂ ಸೆಡಾನ್‌ಗಳೂ ಬಹುತೇಕ ಮುಂಚಕ್ರ ಚಾಲನೆಯವು. ಮಾರುತಿ ಈಕೋ, ಮಹೀಂದ್ರ ಬೊಲೆರೊ, ಟೊಯೋಟಾ ಇನ್ನೋವಾ ಕ್ರಿಸ್ಟಾ ಮುಂತಾದವು ಹಿಂಚಕ್ರ ಚಾಲನೆಯವು.

ಟೈರುಗಳನ್ನು ಒಂದೇ ಅಚ್ಚಿನ ಎರಡು ತುದಿಗಳಿಗೆ ಜೋಡಿಯಾಗಿಯೇ ಬದಲಿಸಬೇಕೆಂಬುದು ಸಾಮಾನ್ಯ ನಿಯಮ. ಎಡಕ್ಕೆ ಹೊಸದು, ಬಲಕ್ಕೆ ಹಳೆಯದು ಇದ್ದರೆ ಬ್ರೇಕು ಒತ್ತಿದಾಗ ಕಾರು ಒಂದು ಬದಿಗೆ ಎಳೆಯಬಹುದು. ಎರಡರ ಸುತ್ತಳತೆಯಲ್ಲಿ ವ್ಯತ್ಯಾಸವಿರುವುದರಿಂದ ಅಚ್ಚಿನ ನಡುವಿನ ಡಿಫರೆನ್ಷಿಯಲ್ ನೇರ ರಸ್ತೆಯಲ್ಲಿಯೂ ಬಿಡುವಿಲ್ಲದೆ ದುಡಿಯಬೇಕಾಗುತ್ತದೆ. ಅಳತೆ, ರಚನೆ, ಭಾರಸೂಚ್ಯಂಕ, ವೇಗಸೂಚ್ಯಂಕ ಇವು ಒಂದು ಅಚ್ಚಿನ ಮೇಲೆ ಒಂದೇ ಆಗಿರಬೇಕು; ಸಾಧ್ಯವಾದರೆ ತಯಾರಕರೂ ಮಾದರಿಯೂ ಒಂದೇ ಇರಬೇಕು.

ಒಂದೇ ಟೈರು ಹಾಳಾದ ಸಂದರ್ಭ ಸ್ವಲ್ಪ ಬೇರೆ. ಮೊದಲು ಅದು ದುರಸ್ತಿಗೆ ಬರುತ್ತದೆಯೇ ಎಂದು ನೋಡಬೇಕು. ಟ್ರೆಡ್ಡಿನ ನಡುಭಾಗದಲ್ಲಿ ಸುಮಾರು 6 ಮಿ.ಮೀ.ವರೆಗಿನ ತೂತಾದರೆ ಟೈರನ್ನು ರಿಮ್ಮಿನಿಂದ ಕಳಚಿ, ಒಳಗಿನಿಂದ ತೂತನ್ನು ತುಂಬಿ ತೇಪೆ ಹಾಕಿ ಉಳಿಸಿಕೊಳ್ಳಬಹುದು. ಭುಜ ಅಥವಾ ಪಕ್ಕದ ಗೋಡೆಗೆ ಆದ ಗಾಯಕ್ಕೆ ದುರಸ್ತಿಯಿಲ್ಲ. ರಸ್ತೆಬದಿಯ ಪಂಕ್ಚರ್ ಅಂಗಡಿಗಳಲ್ಲಿ ಹೊರಗಿನಿಂದಲೇ ರಬ್ಬರಿನ ಎಳೆಯನ್ನು ಚುಚ್ಚಿ ತೂರಿಸುವ ವಿಧಾನವನ್ನು ತಯಾರಕರು ತಾತ್ಕಾಲಿಕವೆಂದೇ ಪರಿಗಣಿಸುತ್ತಾರೆ. ಅದರ ಮೇಲೆಯೇ ವರ್ಷಗಟ್ಟಲೆ ಓಡುವ ಟೈರುಗಳಿಗೇನೂ ಕೊರತೆಯಿಲ್ಲ. ಟೈರನ್ನು ಬದಲಿಸಲೇಬೇಕಾಗಿ, ಉಳಿದ ಮೂರೂ ಇನ್ನೂ ಹೊಸದರಂತಿದ್ದರೆ ಒಂದನ್ನೇ ಕೊಳ್ಳಬಹುದು. ಅದನ್ನು ಉಳಿದವುಗಳಲ್ಲಿ ಅತಿ ಆಳವಾದ ಟ್ರೆಡ್ ಇರುವುದರೊಂದಿಗೆ ಜೋಡಿ ಮಾಡಿ ಹಿಂದಿನ ಅಚ್ಚಿಗೆ ಹಾಕಬೇಕು.

ಹೊಸ ಜೋಡಿಯ ಸ್ಥಾನ

ಹೊಸ ಟೈರು ಮುಂದಿರಬೇಕೆಂಬ ಅಭಿಪ್ರಾಯಕ್ಕೆ ಮೇಲ್ನೋಟದ ತರ್ಕ ಬಲವಾಗಿಯೇ ಇದೆ. ತಿರುಗಿಸುವುದು ಮುಂದಿನ ಚಕ್ರ, ನಿಲ್ಲಿಸುವುದು ಬಹುಪಾಲು ಮುಂದಿನ ಚಕ್ರ, ಎಳೆಯುವುದೂ ಮುಂದಿನ ಚಕ್ರ. ಆದ್ದರಿಂದ ಹೆಚ್ಚಿನ ಹಿಡಿತ ಅಲ್ಲಿಯೇ ಬೇಕು ಎಂದು ಸಹಜವಾಗಿ ತೋರುತ್ತದೆ. ಒಣ ರಸ್ತೆಯಲ್ಲಿ ಈ ಆಯ್ಕೆಯಿಂದ ದೊಡ್ಡ ಹಾನಿಯೂ ಕಾಣುವುದಿಲ್ಲ. ದೋಷ ಹೊರಬೀಳುವುದು ನೀರು ನಿಂತ ರಸ್ತೆಯಲ್ಲಿ.

ಟ್ರೆಡ್ಡಿನ ಗೆರೆಗಳ ಮುಖ್ಯ ಕೆಲಸ ರಬ್ಬರಿಗೂ ರಸ್ತೆಗೂ ನಡುವೆ ಸಿಕ್ಕ ನೀರನ್ನು ಹೊರಗೆ ತಳ್ಳುವುದು. 185 ಮಿ.ಮೀ. ಅಗಲದ ಟೈರು 3 ಮಿ.ಮೀ. ನೀರು ನಿಂತ ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಚಲಿಸಿದರೆ ಪ್ರತಿ ಸೆಕೆಂಡಿಗೆ ಸುಮಾರು 12 ಲೀಟರ್ ನೀರು ಅದಕ್ಕೆ ಎದುರಾಗುತ್ತದೆ. ಗೆರೆಗಳು ಆಳವಾಗಿದ್ದರೆ ಈ ನೀರಿಗೆ ಹರಿದುಹೋಗಲು ಜಾಗವಿರುತ್ತದೆ. ಇಲ್ಲವಾದರೆ ನೀರು ಟೈರಿನ ಮುಂದೆ ಬೆಣೆಯಂತೆ ಕೂಡಿಕೊಂಡು ಅದನ್ನು ಮೇಲೆತ್ತುತ್ತದೆ. ಟೈರು ರಸ್ತೆಯನ್ನು ಬಿಟ್ಟು ನೀರಿನ ಮೇಲೆ ತೇಲುವ ಈ ಸ್ಥಿತಿಗೆ ಹೈಡ್ರೋಪ್ಲೇನಿಂಗ್ ಅಥವಾ ಅಕ್ವಾಪ್ಲೇನಿಂಗ್ ಎನ್ನುತ್ತಾರೆ.

ಈ ವಿಷಯದ ಮೊದಲ ವ್ಯವಸ್ಥಿತ ಅಧ್ಯಯನಗಳಲ್ಲಿ ಕೆಲವು ವಿಮಾನದ ಚಕ್ರಗಳಿಗಾಗಿ ನಡೆದವು. ಅಮೆರಿಕದ ನಾಸಾ ಸಂಸ್ಥೆಯ ವಾಲ್ಟರ್ ಹಾರ್ನ್ ಮತ್ತು ರಾಬರ್ಟ್ ಡ್ರೆಹರ್ 1963ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಗೆರೆಗಳಿಗಿಂತ ನೀರು ಆಳವಾಗಿದ್ದಾಗ ಟೈರು ತೇಲಲು ತೊಡಗುವ ವೇಗ ಅದರೊಳಗಿನ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಪಿಎಸ್‌ಐ ಮಾನದಲ್ಲಿನ ಒತ್ತಡದ ವರ್ಗಮೂಲವನ್ನು 10.35ರಿಂದ ಗುಣಿಸಿದರೆ ಗಂಟೆಗೆ ಇಷ್ಟು ಮೈಲಿ ಎಂದು ಆ ವೇಗ ಸಿಗುತ್ತದೆ. 32 ಪಿಎಸ್‌ಐ ಗಾಳಿಯಿರುವ ಟೈರಿಗೆ ಇದು ಗಂಟೆಗೆ ಸುಮಾರು 94 ಕಿ.ಮೀ.; ಗಾಳಿ 24 ಪಿಎಸ್‌ಐಗೆ ಇಳಿದರೆ ಸುಮಾರು 82 ಕಿ.ಮೀ. ಬೋಳು ಟೈರಿನ ವಿಷಯದಲ್ಲಿ ತೆಳುವಾದ ನೀರೂ ಗೆರೆಗಿಂತ ಆಳವೇ. ಹೊಸ ಟೈರು ಅದೇ ನೀರಿನಲ್ಲಿ ಇನ್ನೂ ಹೆಚ್ಚಿನ ವೇಗದವರೆಗೆ ರಸ್ತೆಗೆ ಅಂಟಿಕೊಂಡಿರುತ್ತದೆ. ಈ ಸೂತ್ರ ಅಂದಾಜಿನದು. ಕಾರಿನ ಟೈರಿನ ಅಗಲ ಮತ್ತು ಆಕಾರವನ್ನು ಅವಲಂಬಿಸಿ ನಿಜವಾದ ವೇಗ ಇನ್ನೂ ಕಡಿಮೆಯಿರಬಹುದು.

ಒಂದು ಕಾರಿನಲ್ಲಿ ಎರಡು ಜೋಡಿಗಳ ಆಳ ಬೇರೆಬೇರೆಯಿದ್ದರೆ ಸವೆದ ಜೋಡಿ ಮೊದಲು ತೇಲುತ್ತದೆ. ಯಾವುದು ಮೊದಲು ತೇಲಬೇಕೆಂಬುದೇ ಇಲ್ಲಿರುವ ಪ್ರಶ್ನೆ.

ಮುಂದಿನ ಜೋಡಿ ಹಿಡಿತ ಬಿಟ್ಟರೆ ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗದೆ ನೇರವಾಗಿ, ತಿರುವಿನ ಹೊರಗಡೆಗೆ ಸಾಗುತ್ತದೆ. ಇದು ಅಂಡರ್‌ಸ್ಟಿಯರ್. ಸ್ಟಿಯರಿಂಗ್ ಒಮ್ಮೆಲೇ ಹಗುರಾದದ್ದು ಚಾಲಕನ ಕೈಗೆ ತಿಳಿಯುತ್ತದೆ. ಗಾಬರಿಯಾದ ಚಾಲಕ ಸಹಜವಾಗಿ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾನೆ. ವೇಗ ಇಳಿದು ಭಾರ ಮುಂದಕ್ಕೆ ವಾಲಿದಂತೆ ಮುಂದಿನ ಟೈರುಗಳು ಮತ್ತೆ ನೆಲ ಕಚ್ಚುತ್ತವೆ. ಇಲ್ಲಿ ಹುಟ್ಟರಿವಿನ ಪ್ರತಿಕ್ರಿಯೆಯೇ ಸರಿಯಾದ ಪ್ರತಿಕ್ರಿಯೆ.

ಹಿಂದಿನ ಜೋಡಿ ಹಿಡಿತ ಬಿಟ್ಟರೆ ನಡೆಯುವುದು ಬೇರೆ. ಮುಂಭಾಗ ತಿರುವಿನೊಳಕ್ಕೆ ಸಾಗುತ್ತಿರುವಾಗ ಹಿಂಭಾಗ ಹೊರಕ್ಕೆ ಜಾರಿ ಕಾರು ತನ್ನ ಸುತ್ತ ತಾನೇ ತಿರುಗಲು ತೊಡಗುತ್ತದೆ. ಇದು ಓವರ್‌ಸ್ಟಿಯರ್. ಹಿಂದಿನ ಚಕ್ರಗಳಿಗೂ ಚಾಲಕನ ಕೈಗೂ ನಡುವೆ ಸಂಪರ್ಕವಿಲ್ಲದ ಕಾರಣ ಮುನ್ಸೂಚನೆ ಬಹಳ ಕಡಿಮೆ. ಇಲ್ಲಿಯೂ ಕಾಲು ತೆಗೆದರೆ ಭಾರ ಮುಂದಕ್ಕೆ ವಾಲಿ, ಮೊದಲೇ ಹಗುರಾಗಿರುವ ಹಿಂಭಾಗ ಮತ್ತಷ್ಟು ಹಗುರಾಗಿ ಜಾರುವಿಕೆ ಹೆಚ್ಚುತ್ತದೆ. ಬ್ರೇಕು ಒತ್ತಿದರೆ ಇನ್ನೂ ಹೆಚ್ಚು. ಸರಿಪಡಿಸಲು ಜಾರುತ್ತಿರುವ ದಿಕ್ಕಿಗೇ ಸ್ಟಿಯರಿಂಗ್ ತಿರುಗಿಸಿ, ಹಿಡಿತ ಮರಳಿದ ಕ್ಷಣದಲ್ಲಿ ಅದನ್ನು ಮರಳಿ ತರಬೇಕು. ತರಬೇತಿ ಪಡೆದ ಚಾಲಕರಿಗಷ್ಟೇ ಇದು ಸಾಧ್ಯ. ಅವರಿಗೂ ಘಾಟಿ ರಸ್ತೆಯ ಅಗಲ ಸಾಲದೆ ಹೋಗಬಹುದು. ಮುಂಚಕ್ರ ಚಾಲನೆಯ ಕಾರಿನ ತೂಕದ ಸುಮಾರು 60 ಪ್ರತಿಶತ ಮುಂದೆಯೇ ಇರುವುದರಿಂದ, ಹೊಸ ಟೈರುಗಳನ್ನೂ ಅಲ್ಲಿಯೇ ಹಾಕಿದರೆ ಭಾರವೂ ಹಿಡಿತವೂ ಒಂದೇ ಕಡೆ ಸೇರಿದಂತಾಗುತ್ತದೆ.

ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಎಂಬ ವ್ಯವಸ್ಥೆಯನ್ನು ಬಾಷ್ ಸಂಸ್ಥೆ ರೂಪಿಸಿ 1995ರಲ್ಲಿ ಮರ್ಸಿಡಿಸ್-ಬೆನ್ಜ್ ಕಾರಿನಲ್ಲಿ ಮೊದಲಿಗೆ ಅಳವಡಿಸಲಾಯಿತು. ಕಾರು ತಿರುಗುತ್ತಿರುವುದನ್ನು ಗ್ರಹಿಸಿ ಒಂದೊಂದೇ ಚಕ್ರಕ್ಕೆ ಬ್ರೇಕು ಹಾಕಿ ಅದು ದಿಕ್ಕನ್ನು ಸರಿಪಡಿಸುತ್ತದೆ. ಆದರೆ ಅದರ ಆಟವೆಲ್ಲ ಟೈರು ರಸ್ತೆಯನ್ನು ಮುಟ್ಟಿರುವವರೆಗೆ. ತೇಲುತ್ತಿರುವ ಚಕ್ರಕ್ಕೆ ಬ್ರೇಕು ಹಾಕಿದರೆ ಚಕ್ರ ನಿಲ್ಲುತ್ತದೆಯೇ ಹೊರತು ಕಾರಿನ ದಿಕ್ಕು ಬದಲಾಗುವುದಿಲ್ಲ.

ಆಕ್ಷೇಪಗಳು

ಈ ಸಲಹೆಗೆ ಎದುರಾಗುವ ಆಕ್ಷೇಪಗಳಲ್ಲಿ ಎರಡು ಪರಿಗಣನೆಗೆ ಯೋಗ್ಯವಾದವು. ಮೊದಲನೆಯದು, ಮುಂದಿನ ಚಕ್ರಗಳು ನೀರನ್ನು ಸರಿಸಿ ದಾರಿ ಮಾಡಿಕೊಡುವುದರಿಂದ ಹಿಂದಿನವಕ್ಕೆ ಸಿಗುವ ನೀರೇ ಕಡಿಮೆ ಎಂಬುದು. ನೇರ ರಸ್ತೆಯಲ್ಲಿ ಇದು ನಿಜ. ತಿರುವಿನಲ್ಲಿ ಹಿಂದಿನ ಚಕ್ರಗಳು ಮುಂದಿನವುಗಳ ಜಾಡಿನಲ್ಲಿಯೇ ಸಾಗದೆ ಬೇರೆ ಜಾಡು ಹಿಡಿಯುತ್ತವೆ, ಅಪಾಯವಿರುವುದೂ ಅಲ್ಲಿಯೇ. ಎರಡನೆಯದು ಬ್ರೇಕಿನ ದೂರಕ್ಕೆ ಸಂಬಂಧಿಸಿದ್ದು. ಬ್ರೇಕಿನ ಹೆಚ್ಚಿನ ಪಾಲು ಮುಂದಿನ ಟೈರುಗಳದ್ದಾದ್ದರಿಂದ ಅಲ್ಲಿ ಸವೆದ ಜೋಡಿಯಿದ್ದರೆ ಒದ್ದೆ ರಸ್ತೆಯಲ್ಲಿ ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಈ ಆಕ್ಷೇಪಕ್ಕೆ ಪೂರ್ಣ ಸಮಾಧಾನವಿಲ್ಲ. ಉಳಿದ ಜೋಡಿಯೇ ಮಿತಿಯ ಹತ್ತಿರ ಬಂದಿದ್ದರೆ ಅದನ್ನು ಮುಂದೆ ಹಾಕಿದರೂ ಹಿಂದೆ ಹಾಕಿದರೂ ಕೊರತೆಯೇ. ಆಗ ನಾಲ್ಕನ್ನೂ ಬದಲಿಸಬೇಕು. ಉಳಿದ ಜೋಡಿಯಲ್ಲಿ 6 ಮಿ.ಮೀ. ಆಳವಿದ್ದರೆ ಯಾವುದು ಎಲ್ಲಿದ್ದರೂ ವ್ಯತ್ಯಾಸ ಅಲ್ಪ. 3ರಿಂದ 5 ಮಿ.ಮೀ. ಉಳಿದಿರುವ ಸಂದರ್ಭದಲ್ಲಿ ಸ್ಥಾನದ ಆಯ್ಕೆಗೆ ಹೆಚ್ಚಿನ ಬೆಲೆ.

ಆಯುಷ್ಯದ ಲೆಕ್ಕ

ಹಿಂದಕ್ಕೆ ಹೊಸದು, ಮುಂದಕ್ಕೆ ಹಳೆಯದು ಹಾಕಿದರೆ ಮುಂದಿನವು ಬೇಗ ಮುಗಿದು ನಷ್ಟವಾಗುತ್ತದೆ ಎಂಬ ಭಾವನೆಯುಂಟು. ಒಂದು ಕಾಲ್ಪನಿಕ ಲೆಕ್ಕದಿಂದ ಇದನ್ನು ಪರಿಶೀಲಿಸಬಹುದು. ಮುಂದಿನ ಟೈರು 6,000 ಕಿ.ಮೀ.ಗೆ 1 ಮಿ.ಮೀ., ಹಿಂದಿನ ಟೈರು 12,000 ಕಿ.ಮೀ.ಗೆ 1 ಮಿ.ಮೀ. ಸವೆಯುತ್ತದೆಂದೂ ಎಲ್ಲವೂ 8 ಮಿ.ಮೀ.ಯಿಂದ ಮೊದಲಾಗಿ 2 ಮಿ.ಮೀ.ಗೆ ಬದಲಾಗುತ್ತವೆಂದೂ ಇಟ್ಟುಕೊಂಡರೆ, 36,000 ಕಿ.ಮೀ. ಓಡಿದಾಗ ಮುಂದಿನವು 2 ಮಿ.ಮೀ., ಹಿಂದಿನವು 5 ಮಿ.ಮೀ. ಆಗಿರುತ್ತವೆ.

ರೂಢಿಯಂತೆ ಹೊಸದನ್ನು ಮುಂದೆ ಹಾಕಿದರೆ ಮುಂದಿನ 36,000 ಕಿ.ಮೀ.ಗಳಲ್ಲಿ ಮುಂದಿನ ಜೋಡಿ 8ರಿಂದ 2ಕ್ಕೂ ಹಿಂದಿನದು 5ರಿಂದ 2ಕ್ಕೂ ಇಳಿಯುತ್ತದೆ. ಆ ಅವಧಿಯುದ್ದಕ್ಕೂ ಹಿಂದಿನದೇ ಹೆಚ್ಚು ಸವೆದ ಜೋಡಿ. ಅಷ್ಟೇ ಅಲ್ಲದೆ 72,000 ಕಿ.ಮೀ.ವರೆಗೆ ಒಂದೇ ಟೈರು ಹಿಂದೆ ಕುಳಿತಿರುತ್ತದೆ. ವರ್ಷಕ್ಕೆ 9,000 ಕಿ.ಮೀ. ಓಡುವ ಕಾರಿನಲ್ಲಿ ಅದಕ್ಕೆ ಎಂಟು ವರ್ಷ ತುಂಬಿರುತ್ತದೆ.

ಬದಲಾಗಿ 5 ಮಿ.ಮೀ. ಜೋಡಿಯನ್ನು ಮುಂದಕ್ಕೆ ತಂದು ಹೊಸದನ್ನು ಹಿಂದೆ ಹಾಕಿದರೆ 18,000 ಕಿ.ಮೀ.ಗೆ ಮುಂದಿನದು 2 ಮಿ.ಮೀ. ತಲುಪುತ್ತದೆ. ಆಗ ಹಿಂದಿನದರಲ್ಲಿ 6.5 ಮಿ.ಮೀ. ಉಳಿದಿರುತ್ತದೆ. ಅದು ಮುಂದಕ್ಕೆ ಬಂದು ಮತ್ತೆ ಹೊಸ ಜೋಡಿ ಹಿಂದಕ್ಕೆ ಹೋಗುತ್ತದೆ. ಖರೀದಿಯ ದಿನ ಬೇಗ ಬರುತ್ತದೆ ನಿಜ, ಆದರೆ ಸವೆತವು ಸ್ಥಾನವನ್ನು ಅವಲಂಬಿಸಿರುವುದರಿಂದ ದೀರ್ಘಾವಧಿಯಲ್ಲಿ ಕೊಳ್ಳುವ ಟೈರುಗಳ ಸಂಖ್ಯೆ ಎರಡೂ ಕ್ರಮಗಳಲ್ಲಿ ಒಂದೇ. ಪ್ರತಿ ಟೈರೂ ಹಿಂದೆ ಜೀವನ ಆರಂಭಿಸಿ ಮುಂದೆ ಮುಗಿಸುತ್ತದೆ. ಹಿಂದಿನ ಅಚ್ಚಿನಲ್ಲಿ ಮುದಿ ಟೈರು ಉಳಿಯುವುದಿಲ್ಲ. ರೂಢಿಗಿಂತ ಹೆಚ್ಚಾಗುವ ವೆಚ್ಚವೆಂದರೆ ಚಕ್ರಗಳನ್ನು ಹಿಂದುಮುಂದು ಮಾಡುವ ಕೂಲಿ.

ನಾಲ್ಕು ಚಕ್ರ ಚಾಲನೆಯ ಕಾರುಗಳು

ನಾಲ್ಕೂ ಚಕ್ರಗಳಿಗೆ ಸದಾ ಶಕ್ತಿ ಹೋಗುವ ಕಾರುಗಳಲ್ಲಿ ಸುತ್ತಳತೆಯ ವ್ಯತ್ಯಾಸವೇ ಮುಖ್ಯ ಸಮಸ್ಯೆ. ಟ್ರೆಡ್ ಆಳದಲ್ಲಿ 1 ಮಿ.ಮೀ. ವ್ಯತ್ಯಾಸವಾದರೆ ಸುತ್ತಳತೆಯಲ್ಲಿ ಸುಮಾರು 6.3 ಮಿ.ಮೀ. ವ್ಯತ್ಯಾಸವಾಗುತ್ತದೆ. ಸುಮಾರು 2 ಮೀಟರ್ ಸುತ್ತಳತೆಯ ಟೈರಿಗೆ ಇದು ಅತ್ಯಲ್ಪವೆನಿಸಿದರೂ, ಮುಂದಿನ ಹಿಂದಿನ ಅಚ್ಚುಗಳನ್ನು ಜೋಡಿಸುವ ಕ್ಲಚ್ ಅಥವಾ ಡಿಫರೆನ್ಷಿಯಲ್ ಪ್ರತಿ ಸುತ್ತಿನಲ್ಲಿಯೂ ಈ ವ್ಯತ್ಯಾಸವನ್ನು ನುಂಗಬೇಕಾಗಿ ಬಂದು ಕಾದು ಕೆಡುತ್ತದೆ. ಆದ್ದರಿಂದ ಇಂಥ ಕಾರುಗಳಲ್ಲಿ ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕೆಂದು ತಯಾರಕರು ಹೇಳುತ್ತಾರೆ. ಒಪ್ಪಬಹುದಾದ ವ್ಯತ್ಯಾಸವೆಷ್ಟು ಎಂಬುದು ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಅಮೆರಿಕದಲ್ಲಿ ಒಂದೇ ಹೊಸ ಟೈರು ಕೊಂಡು, ಅದನ್ನು ಉಳಿದ ಮೂರರ ಮಟ್ಟಕ್ಕೆ ಯಂತ್ರದಲ್ಲಿ ಹೆರೆಸಿಕೊಳ್ಳುವ ಪದ್ಧತಿಯೂ ಇದೆ. ಬೇಕಾದಾಗ ಮಾತ್ರ ಲಿವರ್ ಎಳೆದು ನಾಲ್ಕು ಚಕ್ರಕ್ಕೆ ಶಕ್ತಿ ಕೊಡುವ ಜೀಪ್ ಮಾದರಿಯ ವಾಹನಗಳಲ್ಲಿ, ಹೆದ್ದಾರಿಯ ಓಟದಲ್ಲಿ ಈ ತೊಂದರೆ ಇಲ್ಲ.

ಸ್ಥಾನಾಂತರ

ನಿಯತವಾಗಿ ಟೈರುಗಳ ಜಾಗ ಬದಲಿಸುತ್ತ ಬಂದರೆ ನಾಲ್ಕೂ ಸಮನಾಗಿ ಸವೆಯುತ್ತವೆ. ಸಾಮಾನ್ಯವಾಗಿ 8,000ದಿಂದ 10,000 ಕಿ.ಮೀ.ಗೊಮ್ಮೆ ಇದನ್ನು ಮಾಡುತ್ತಾರೆ. ಮುಂಚಕ್ರ ಚಾಲನೆಯ ಕಾರಿನಲ್ಲಿ ಮುಂದಿನವು ಅದೇ ಬದಿಯಲ್ಲಿ ನೇರವಾಗಿ ಹಿಂದಕ್ಕೆ ಹೋಗುತ್ತವೆ, ಹಿಂದಿನವು ಎಡಬಲ ಅದಲುಬದಲಾಗಿ ಮುಂದಕ್ಕೆ ಬರುತ್ತವೆ. ಹಿಂಚಕ್ರ ಚಾಲನೆಯಲ್ಲಿ ಇದು ತಿರುವುಮುರುವು. ಪಕ್ಕದಲ್ಲಿ ಬಾಣದ ಗುರುತಿರುವ, ಒಂದೇ ದಿಕ್ಕಿಗೆ ಉರುಳಬೇಕಾದ ಟೈರುಗಳನ್ನು ಅದೇ ಬದಿಯಲ್ಲಿ ಹಿಂದುಮುಂದು ಮಾಡಬಹುದೇ ಹೊರತು ಬದಿ ಬದಲಿಸುವಂತಿಲ್ಲ. ಮುಂದೊಂದು ಅಳತೆ, ಹಿಂದೊಂದು ಅಳತೆ ಇರುವ ಕಾರುಗಳಿಗೆ ಹಿಂದುಮುಂದು ಮಾಡುವ ಸ್ಥಾನಾಂತರ ಅನ್ವಯಿಸುವುದಿಲ್ಲ.

ಸ್ಥಾನಾಂತರದಲ್ಲಿ ಸವೆದ ಜೋಡಿ ಹಿಂದಕ್ಕೆ ಹೋಗುವುದರಿಂದ ಮೇಲಿನ ಸಲಹೆಗೆ ಇದು ವಿರುದ್ಧವೆಂದು ತೋರಬಹುದು. ಕ್ರಮ ತಪ್ಪದೆ ಮಾಡಿದಾಗ ಎರಡು ಜೋಡಿಗಳ ನಡುವಿನ ವ್ಯತ್ಯಾಸ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ವರ್ಷಗಟ್ಟಲೆ ಮಾಡದೆ ಬಿಟ್ಟು, ಮುಂದಿನದು ಬೋಳಾದಾಗ ಅದನ್ನು ಹಿಂದಕ್ಕೆ ಕಳುಹಿಸುವುದು ಮಾತ್ರ ಸಲ್ಲದು.

ಸ್ಟೆಪ್ನಿ

ಹೆಚ್ಚುವರಿ ಚಕ್ರಕ್ಕೆ ಕನ್ನಡವೂ ಸೇರಿ ಭಾರತದ ಅನೇಕ ಭಾಷೆಗಳಲ್ಲಿ ಬಳಕೆಯಲ್ಲಿರುವ 'ಸ್ಟೆಪ್ನಿ' ಎಂಬ ಹೆಸರು ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ ಬಂದದ್ದು. ಥಾಮಸ್ ಮಾರಿಸ್ ಡೇವಿಸ್ 1904ರಲ್ಲಿ ಅಲ್ಲಿ ಈ ಬಗೆಯ ಚಕ್ರವನ್ನು ರೂಪಿಸಿದರು. ಇಂಗ್ಲಿಷಿನಲ್ಲಿ ಬಹುತೇಕ ಮರೆಯಾದ ಪದ ಇಲ್ಲಿ ದಿನಬಳಕೆಯಲ್ಲಿ ಉಳಿದಿದೆ. ಸ್ಟೆಪ್ನಿಯು ಉಳಿದ ಚಕ್ರಗಳದೇ ಅಳತೆಯದಾಗಿದ್ದರೆ ಅದನ್ನೂ ಸ್ಥಾನಾಂತರದಲ್ಲಿ ಸೇರಿಸಿಕೊಳ್ಳಬಹುದು; ಬಳಸದೆ ಇಟ್ಟರೆ ಟ್ರೆಡ್ ಪೂರ್ಣವಿದ್ದರೂ ವಯಸ್ಸು ಏರುತ್ತಲೇ ಇರುತ್ತದೆ. ಕಿರಿದಾದ ತಾತ್ಕಾಲಿಕ ಸ್ಟೆಪ್ನಿಯ ಮೇಲೆ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಎಂಬ ವೇಗಮಿತಿ ಬರೆದಿರುತ್ತದೆ. ಟ್ಯೂಬ್‌ಲೆಸ್ ಟೈರು, ಗಾಳಿಯೊತ್ತಡ ಸೂಚಿಸುವ ವ್ಯವಸ್ಥೆ ಮತ್ತು ದುರಸ್ತಿ ಸಾಮಗ್ರಿ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು 2020ರಲ್ಲಿ ಭಾರತದ ನಿಯಮಗಳಿಗೆ ತಿದ್ದುಪಡಿ ತರಲಾಯಿತು.

ಭಾರಿ ವಾಹನಗಳು

ಲಾರಿ ಮತ್ತು ಬಸ್ಸುಗಳಲ್ಲಿ ಕ್ರಮ ತದ್ವಿರುದ್ಧ: ಒಳ್ಳೆಯ ಟೈರು ಮುಂದೆ. ಹಿಂದೆ ಪ್ರತಿ ಬದಿಗೆ ಎರಡೆರಡು ಟೈರುಗಳಿರುವುದರಿಂದ ಒಂದು ಸಿಡಿದರೂ ಇನ್ನೊಂದು ಭಾರ ಹೊರುತ್ತದೆ; ಮುಂದಿನ ಒಂಟಿ ಟೈರು ಸಿಡಿದರೆ ವಾಹನ ಹತೋಟಿ ತಪ್ಪುತ್ತದೆ. ಅಮೆರಿಕದ ಒಕ್ಕೂಟ ನಿಯಮಗಳು ಇಂಥ ವಾಹನಗಳ ಮುಂದಿನ ಟೈರುಗಳಿಗೆ ಅಂಗುಲದ 32ನೆಯ ನಾಲ್ಕು ಭಾಗ, ಉಳಿದವಕ್ಕೆ ಎರಡು ಭಾಗ ಆಳವನ್ನು ವಿಧಿಸುತ್ತವೆ. ಬಸ್ಸಿನ ಮುಂದಿನ ಚಕ್ರಗಳಿಗೆ ರೀಟ್ರೆಡ್ ಮಾಡಿದ ಟೈರನ್ನು ನಿಷೇಧಿಸುತ್ತವೆ. ಬ್ರಿಟನ್‌ನಲ್ಲಿ 2021ರಿಂದ ಲಾರಿ ಮತ್ತು ಬಸ್ಸುಗಳ ಮುಂದಿನ ಅಚ್ಚಿಗೆ ಹತ್ತು ವರ್ಷ ಮೀರಿದ ಟೈರುಗಳನ್ನು ಬಳಸುವಂತಿಲ್ಲ. ಲಾರಿಗೆ ಸರಿಯಾದ ಈ ಕ್ರಮವನ್ನು ಕಾರಿಗೂ ಅನ್ವಯಿಸುವುದು ಸರಿಯಲ್ಲ.

ಜೋಡಣೆಯ ಸಮಯದಲ್ಲಿ

ಹೊಸ ಟೈರು ಹಾಕಿದ ಚಕ್ರಗಳಿಗೆ ಬ್ಯಾಲೆನ್ಸಿಂಗ್ ಅಗತ್ಯ. ಹಳೆಯ ಟೈರು ಓರೆಯಾಗಿ ಸವೆದಿದ್ದರೆ ಅಲೈನ್‌ಮೆಂಟ್ ಪರೀಕ್ಷೆಯೂ ಆಗಬೇಕು. ಟ್ಯೂಬ್‌ಲೆಸ್ ಚಕ್ರಗಳ ರಬ್ಬರು ವಾಲ್ವನ್ನು ಟೈರಿನ ಜೊತೆಗೇ ಬದಲಿಸುತ್ತಾರೆ. ಮುಂದೆ ಹಿಂದೆ ಬೇರೆಬೇರೆ ಗಾಳಿಯೊತ್ತಡ ಬೇಕಾದ ಕಾರುಗಳಲ್ಲಿ ಚಕ್ರಗಳ ಜಾಗ ಬದಲಾದ ಮೇಲೆ ಒತ್ತಡವನ್ನೂ ಹೊಂದಿಸಬೇಕು. ಸರಿಯಾದ ಅಂಕಿಗಳು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿರುತ್ತವೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಒತ್ತಡ ಗರಿಷ್ಠ ಮಿತಿಯೇ ಹೊರತು ತುಂಬಬೇಕಾದ ಪ್ರಮಾಣವಲ್ಲ. ಚಕ್ರದ ವೇಗವನ್ನು ಹೋಲಿಸಿ ಗಾಳಿ ಇಳಿದದ್ದನ್ನು ಪತ್ತೆ ಮಾಡುವ ವ್ಯವಸ್ಥೆಯಿರುವ ಕಾರುಗಳಲ್ಲಿ ಅದನ್ನು ಹೊಸದಾಗಿ ಹೊಂದಿಸದಿದ್ದರೆ ತಪ್ಪು ಎಚ್ಚರಿಕೆಗಳು ಬರಬಹುದು. ಹೊಸ ಟೈರಿನ ಮೇಲ್ಮೈಯಲ್ಲಿ ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡಿನ ಲೇಪವಿರುವುದರಿಂದ ಮೊದಲ ಕೆಲವು ನೂರು ಕಿಲೋಮೀಟರ್‌ಗಳವರೆಗೆ, ವಿಶೇಷವಾಗಿ ಮಳೆಯಲ್ಲಿ, ನಿಧಾನವಾಗಿ ಓಡಿಸುವಂತೆ ತಯಾರಕರು ಸೂಚಿಸುತ್ತಾರೆ.

ಕಳಚಿದ ಟೈರುಗಳ ವಿಲೇವಾರಿಯ ಹೊಣೆಯನ್ನು 2022ರ ತಿದ್ದುಪಡಿ ನಿಯಮಗಳ ಮೂಲಕ ಭಾರತದಲ್ಲಿ ತಯಾರಕರಿಗೂ ಆಮದುದಾರರಿಗೂ ವಹಿಸಲಾಗಿದೆ. ಮಿತಿ ಮೀರಿ ಸವೆದ ಟೈರುಗಳು ಹಳೆಯ ಟೈರು ಮಾರುವ ಅಂಗಡಿಗಳ ಮೂಲಕ ಮತ್ತೊಂದು ಕಾರಿನ ಚಕ್ರಕ್ಕೆ ಏರುವುದೂ ಉಂಟು. ಅಂಥ ಟೈರುಗಳಲ್ಲಿ ಕೆಲವು ಗೆರೆಗಳನ್ನು ಚಾಕುವಿನಿಂದ ಮರುಕೊರೆದು ಆಳವಿರುವಂತೆ ಕಾಣಿಸಿದವು. ಮರುಕೊರೆದ ಗೆರೆ ಸವೆತಸೂಚಕದ ದಿಣ್ಣೆಗಿಂತ ಕೆಳಕ್ಕೆ ಇಳಿದಿರುವುದರಿಂದ ಅವುಗಳನ್ನು ಗುರುತಿಸಬಹುದು.